ತುಂಬಿಕೊಂಡ ಮುಖ

ಬೆಳಿಗ್ಗೆ ಎದ್ದಾಗ ನನ್ನ ಕೈಗಳು ನನ್ನವಾಗಿರುವುದಿಲ್ಲ. ಬಿಸಿಲು ಏರುತ್ತಾ ಬಂದ ಹಾಗೆ ನಿಧಾನವಾಗಿ ನನ್ನವಾಗುತ್ತವೆ, ಅಲ್ಲಿಯವರೆಗೆ ಅವು ಅಮ್ಮನವು. ಅಲಂಕಾರಕ್ಕೆ ಹೇಳುತ್ತಿಲ್ಲ. ಬೆರಳ ಗೆಣ್ಣುಗಳು ಊದಿ, ಮಣಿಕಟ್ಟು ಮರಗಟ್ಟಿ, ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತುತ್ತೇನೆ. ಹಾಗೆ ಎತ್ತುವುದನ್ನು ನನಗೆ ಯಾರೂ ಕಲಿಸಿಲ್ಲ. ಭದ್ರಾವತಿಯ ಕ್ವಾರ್ಟರ್ಸ್ ಮನೆಯ ಅಡುಗೆಕೋಣೆಯಲ್ಲಿ ಅಮ್ಮ ಹಾಗೆ ಎತ್ತುತ್ತಿದ್ದಳು. ನಲ್ಲಿಯನ್ನು ಮಣಿಕಟ್ಟಿನಿಂದ ತಳ್ಳಿ ತಿರುಗಿಸುವುದು, ಬಾಗಿಲ ಚಿಲಕವನ್ನು ಸೌಟಿನ ಹಿಡಿಯಿಂದ ಮೀಟುವುದು, ಹಾಲಿನ ಪಾತ್ರೆಯನ್ನು ಮೊಣಕೈ ಮಡಚಿ ತಬ್ಬಿ ಇಳಿಸುವುದು ಎಲ್ಲ ಅವಳದೇ. ಒಂದೊಂದೇ ನನ್ನ ಮನೆಯೊಳಗೆ ಬಂದು ಸೇರಿಕೊಳ್ಳುತ್ತಿವೆ.

ಒಂದು ಬೆಳಿಗ್ಗೆ ನಾನು ಕೋಣೆಯಿಂದ ಹೊರಬಂದಾಗ ಪೇಪರ್ ಓದುತ್ತಿದ್ದ ನನ್ನ ಗಂಡ ಬೆಚ್ಚಿಬಿದ್ದರು.

“ಏನ್ರೀ, ಏನಾಯ್ತು?”

“ಏನಿಲ್ಲ ಮಾರಾಯ್ತಿ. ಕೈ ಎದೆ ಹತ್ರ ಇಟ್ಕೊಂಡು ಬಂದ್ಯಲ್ಲ, ನಿಮ್ಮಮ್ಮನೇ ಬಂದಂಗಾಯ್ತು.”

ಅಮ್ಮ ಸತ್ತು ವರ್ಷಗಳೇ ಕಳೆದಿವೆ. “ಬಂದ್ರೆ ಒಂದು ಲೋಟ ಕಾಫಿ ಕೊಡಿ, ಪಾಪ,” ಎಂದು ತಮಾಷೆ ಮಾಡಿ ಬಚ್ಚಲಿಗೆ ಹೋದೆ. ಬಾಗಿಲು ಹಾಕಿಕೊಂಡ ಮೇಲೆ ಕನ್ನಡಿಯ ಮುಂದೆ ನಿಂತು ಮುಖ ನೋಡಿಕೊಂಡೆ. ಕೈಯನ್ನಲ್ಲ, ಮುಖವನ್ನು. ಕೆನ್ನೆ ಒತ್ತಿ ನೋಡಿದೆ, ಗದ್ದದ ಕೆಳಗೆ ಮುಟ್ಟಿ ನೋಡಿದೆ. ಆಗೆಲ್ಲ ದಿನಾ ಬೆಳಿಗ್ಗೆ ಇದೇ ಕೆಲಸ. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಗಣಿತ ಮೇಡಂ. ಕೈವಾರ ಇಲ್ಲದೆ ಬೋರ್ಡಿನ ಮೇಲೆ ಗುಂಡಗೆ ವೃತ್ತ ಬರೆಯುತ್ತೇನೆಂಬ ಜಂಬ ನನಗಿತ್ತು. ಕಳೆದ ವರ್ಷ ಒಂದು ದಿನ ಆ ವೃತ್ತ ಆಲೂಗಡ್ಡೆಯಾಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮತ್ತೆ ಬರೆಯಲು ಹೋದರೆ ಸೀಮೆಸುಣ್ಣ ಬೆರಳಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಆಗಲಿಲ್ಲ. ಎತ್ತಿಕೊಳ್ಳಲು ಆಗಲಿಲ್ಲ ಎಂಬುದನ್ನು ಮುಚ್ಚಿಡಲು ಮಕ್ಕಳಿಗೇ ಸುಮ್ಮನೆ ಬೈದೆ.

ಸ್ಟಾಫ್ ರೂಮಿನಲ್ಲಿ ಔಷಧಿ ಹೇಳದವರೇ ಇಲ್ಲ. ಒಬ್ಬರು ಕ್ಯಾಲ್ಸಿಯಂ ಕಮ್ಮಿ ಎಂದರು, ಇನ್ನೊಬ್ಬರು ಬದನೆಕಾಯಿ ಬಿಡಿ ಎಂದರು, ಮತ್ತೊಬ್ಬರು ನನ್ನ ವಯಸ್ಸನ್ನು ಗುಟ್ಟಾಗಿ ನೆನಪಿಸಿದರು. ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುತ್ತಿದ್ದುದು ‘ವಾಯು’ ಎಂಬಲ್ಲಿ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ನಮ್ಮ ಮನೆಯಲ್ಲಿ ಅಮ್ಮನ ಇಡೀ ಬಾಳನ್ನು ಆ ಒಂದು ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ಬೆರಳೆಲ್ಲ ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದರೂ ವಾಯು, ಮೊಣಕಾಲು ಮಡಚಲಾಗದೆ ನಿಂತೇ ಊಟ ಮಾಡಿದರೂ ವಾಯು.

ದುರ್ಗಿಗುಡಿಯ ಹತ್ತಿರದ ಕ್ಲಿನಿಕ್ಕಿಗೆ ಗಂಡ ಕರೆದುಕೊಂಡು ಹೋದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನನ್ನ ಶಿಷ್ಯೆಯಾಗಬಹುದಾಗಿದ್ದ ವಯಸ್ಸು. ನನ್ನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ಒಂದೊಂದೇ ಗೆಣ್ಣನ್ನು ಮೆಲ್ಲಗೆ ಒತ್ತಿದರು.

“ಮುಷ್ಟಿ ಕಟ್ಟಿ ಮೇಡಂ.”

ಕಟ್ಟಿದೆ. ಕಟ್ಟಿದೆನೆಂದುಕೊಂಡೆ. ಬೆರಳುಗಳು ಅಂಗೈಯನ್ನು ಮುಟ್ಟಿರಲೇ ಇಲ್ಲ.

ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಮುಗಿದು ಮತ್ತೆ ಹೋದಾಗ ಅವರು ಕಾಯಿಲೆಯ ಹೆಸರು ಹೇಳಿದರು. ರುಮಟಾಯ್ಡ್ ಆರ್ಥ್ರೈಟಿಸ್. ದೇಹ ತನ್ನದೇ ಕೀಲುಗಳ ಮೇಲೆ ಜಗಳಕ್ಕೆ ಬಿದ್ದಿದೆ, ಪೂರ್ತಿ ವಾಸಿಯಾಗುವಂಥದ್ದಲ್ಲ, ಆದರೆ ಹದ್ದುಬಸ್ತಿನಲ್ಲಿ ಇಡಬಹುದು ಎಂದು ವಿವರಿಸಿದರು. ಆಮೇಲೆ ಕೇಳಿದರು, “ಮನೇಲಿ ಯಾರಿಗಾದ್ರೂ ಇತ್ತಾ?”

“ಅಮ್ಮಂಗೆ ವಾಯು ಇತ್ತು,” ಎಂದೆ. ಎಂಥ ವಿಚಿತ್ರ, ನನ್ನ ಬಾಯಲ್ಲೂ ಅದೇ ಬಂತು.

“ಏನು ಔಷಧಿ ತಗೋತಿದ್ರು?”

“ಒಂದು ಸಣ್ಣ ಬಿಳಿ ಮಾತ್ರೆ. ಯಾರೋ ಡಾಕ್ಟ್ರು ಕೆಲವು ದಿನಕ್ಕೆ ಅಂತ ಬರ್ಕೊಟ್ಟಿದ್ರು. ಆಮೇಲೆ ವರ್ಷಗಟ್ಟಲೆ ಮೆಡಿಕಲ್ ಶಾಪಲ್ಲಿ ಮಾತ್ರೆಯ ಖಾಲಿ ಪಟ್ಟಿ ತೋರಿಸಿ ತರ್ತಿದ್ವಿ.”

“ಮುಖ ಊದ್ಕೊಂಡಿತ್ತಾ?”

“ಇಲ್ಲ ಇಲ್ಲ,” ಎಂದೆ. “ತುಂಬ್ಕೊಂಡಿತ್ತು.”

ಡಾಕ್ಟರು ಬರೆಯುತ್ತಿದ್ದುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಆ ನೋಟದ ಅರ್ಥ ನನಗೆ ಆಗಲೇ ಹೊಳೆಯಿತು.

ಅಮ್ಮ ಮೊದಲಿಂದಲೂ ಕಡ್ಡಿ. ಕಾರ್ಖಾನೆಯ ಸೈರನ್ನಿಗೆ ಎದ್ದು, ಅಪ್ಪನ ಪಾಳಿಗೆ ತಕ್ಕಂತೆ ಅಡುಗೆ ಮಾಡಿ, ಸೈರನ್ನಿಗೇ ಮಲಗುತ್ತಿದ್ದವಳು. ನೋವು ಶುರುವಾದ ಮೇಲೆ ಇನ್ನೂ ಇಳಿದುಹೋಗಿದ್ದಳು. ಆ ಮಾತ್ರೆ ನುಂಗಿದ ಮೇಲೆ ಪವಾಡವೇ ನಡೆಯಿತು. ಅಮ್ಮ ಹೂ ಕಟ್ಟಿದಳು, ಸಂತೆಗೆ ನಡೆದುಕೊಂಡು ಹೋದಳು, ನಗತೊಡಗಿದಳು. ಕೆಲವೇ ತಿಂಗಳಲ್ಲಿ ಕೆನ್ನೆ ದುಂಡಗಾಯಿತು, ಕೆಂಪಗಾಯಿತು. ಕ್ವಾರ್ಟರ್ಸಿನ ಸಾಲಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. “ಏನ್ರೀ, ಮುಖ ತುಂಬ್ಕೊಂಡು ಲಕ್ಷಣವಾಗಿದೀರಲ್ಲ!” ಪಕ್ಕದ ಮನೆಯ ತಮಿಳಿನ ಮಾಮಿ ಕೂಡ ಕೆನ್ನೆ ಸವರಿ ಬೆರಳು ಮುರಿದು ನೆಟಿಗೆ ತೆಗೆದಿದ್ದರು.

ನಮಗೆ ಒಳ್ಳೆಯದು ಕಂಡರೆ ಮೊದಲು ಭಯ. ಇಷ್ಟು ಜನರ ಕಣ್ಣು ಬಿದ್ದರೆ ಗತಿಯೇನು? ಅಕ್ಕ ಅಮ್ಮನನ್ನು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ಕಲ್ಲುಪ್ಪು, ಒಣಮೆಣಸಿನಕಾಯಿ, ಮೂರು ದಾರಿ ಕೂಡುವಲ್ಲಿಂದ ತಂದ ಮಣ್ಣು ಮುಷ್ಟಿಯಲ್ಲಿ ಹಿಡಿದು, ತಲೆಯಿಂದ ಪಾದದವರೆಗೆ ಇಳಿ ತೆಗೆದಳು. ಊರವರ ಕಣ್ಣು, ನಂಟರ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು ಎಂದು ಗೊಣಗುತ್ತಾ ಬಚ್ಚಲ ಒಲೆಗೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು. ಮೆಣಸಿನಕಾಯಿ ಸುಟ್ಟು ಕರಿಯಾದರೂ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಬಲವಾಗಿ ತಾಗಿದೆ ಎಂದು ನಮ್ಮ ಲೆಕ್ಕ.

“ನೋಡ್ದ್ಯಾ?” ಎಂದು ಅಕ್ಕ ಗೆದ್ದವಳಂತೆ ನನ್ನ ಕಡೆ ತಿರುಗಿದಳು. “ಎಷ್ಟು ಜನ ಕಣ್ಣು ಹಾಕಿದಾರೆ ಇವಳ ಮೇಲೆ!”

ಅಮ್ಮ ಮಣೆಯ ಮೇಲೆ ನಾಚಿಕೊಂಡು ಕೂತಿದ್ದಳು. ಹೊಟ್ಟೆಕಿಚ್ಚು ಪಡುವಷ್ಟು ತಾನು ಚೆನ್ನಾಗಿದ್ದೇನೆಂದು ಅವಳಿಗೆ ಜೀವನದಲ್ಲಿ ಮೊದಲ ಸಲ ಯಾರೋ ಹೇಳಿದ್ದರು. ಅದೇ ವಾರ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದೆವು. ಈಗ ಅಕ್ಕನ ಮನೆಯಲ್ಲಿ, ನನ್ನ ಮನೆಯಲ್ಲಿ ಗಂಧದ ಹಾರ ಹಾಕಿಕೊಂಡಿರುವುದು ಅದೇ ಫೋಟೋ.

ಆಮೇಲೆ ಒಂದು ಮಧ್ಯಾಹ್ನ ಹಿತ್ತಿಲಿಗೆ ಇಳಿಯುವ ಮೆಟ್ಟಿಲಲ್ಲಿ ಅಮ್ಮನ ಸೊಂಟದ ಮೂಳೆ ಮುರಿಯಿತು. ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಎಡವಿ ಬಿದ್ದಳು ಎಂದು ಬಂದವರಿಗೆಲ್ಲ ಅಕ್ಕ ಹೇಳಿದಳು. ಮಾತ್ರೆಗೂ ಮೂಳೆಗೂ ಸಂಬಂಧವಿರಬಹುದೆಂದು ನಮಗೆ ಹೊಳೆಯಲಿಲ್ಲ, ಯಾರೂ ಹೇಳಲೂ ಇಲ್ಲ.

ಡಾಕ್ಟರು ನನಗೂ ಆ ಸಣ್ಣ ಬಿಳಿ ಮಾತ್ರೆಯನ್ನೇ ಬರೆದುಕೊಟ್ಟರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

“ಹೆದರ್ಬೇಡಿ ಮೇಡಂ. ಇದು ಸ್ಟೀರಾಯ್ಡ್, ವರ್ಷಗಟ್ಟಲೆ ತಗೊಂಡ್ರೇ ಕೆಡುಕು. ವಾರಕ್ಕೊಂದು ಸಲ ತಗೊಳ್ಳೋ ಈ ಇನ್ನೊಂದು ಮಾತ್ರೆನೇ ನಿಮ್ಮ ನಿಜವಾದ ಔಷಧಿ. ಅದು ಕೆಲಸ ಶುರು ಮಾಡೋಕೆ ಟೈಮ್ ಬೇಕು. ಅಲ್ಲೀವರೆಗೆ ಮಾತ್ರ ಇದು. ಇಳಿಸ್ತಾ ಬಂದು ನಿಲ್ಲಿಸ್ತೀವಿ. ನಾನು ಹೇಳಿದಂಗೆ ಇಳಿಸ್ಬೇಕು, ನೀವೇ ಏರಿಸೋದು, ನಿಲ್ಲಿಸೋದು ಮಾಡಂಗಿಲ್ಲ.”

ವಿನೋಬನಗರದ ಮನೆಗೆ ಬಂದು ದೇವರ ಮುಂದೆ ಎರಡನ್ನೂ ಇಟ್ಟು ತುಂಬಾ ಹೊತ್ತು ಕೂತಿದ್ದೆ. ವಾರದ ಮಾತ್ರೆಯ ಡಬ್ಬಿಯೊಳಗಿನ ಕಾಗದ ಓದಿದರೆ ಜೀವ ಹೋಗುವಂತಿತ್ತು. ಬಿಳಿ ಮಾತ್ರೆಯೋ, ಹಳೆಯ ನೆಂಟನ ಹಾಗೆ ಪರಿಚಿತ. ಎರಡನ್ನೂ ನುಂಗಿದೆ.

ಅಮ್ಮನಿಗೆ ಆದ ಪವಾಡ ನನಗೂ ಆಯಿತು. ಕೆಲವು ದಿನಗಳಲ್ಲೇ ಬೆರಳು ಮಡಚಿದವು. ಅಕ್ಕಿರೊಟ್ಟಿ ತಟ್ಟಿದೆ. ತೆಳ್ಳಗೆ, ಅಂಚು ಒಡೆಯದ ಹಾಗೆ ತಟ್ಟಿ, ಬೇಯಿಸಿ, ಗಂಡನಿಗೆ ಬಡಿಸುವಾಗ ಅತ್ತುಬಿಟ್ಟೆ. ಬೋರ್ಡಿನ ಮೇಲೆ ವೃತ್ತ ಬಂತು. ಅಮ್ಮ ಯಾಕೆ ಅಷ್ಟು ನಕ್ಕಿದ್ದಳೆಂದು ಆಗ ಅರ್ಥವಾಯಿತು. ಆ ಮಾತ್ರೆಯನ್ನು ಅವಳು ಯಾಕೆ ಬಿಡಲಿಲ್ಲ ಎಂಬುದೂ ಅರ್ಥವಾಯಿತು. ಕನ್ನಡಿಯ ಮುಂದೆ ನಿಲ್ಲುವ ಚಟ ಆಗ ಹತ್ತಿತು. ಮುಖ ತುಂಬಿಕೊಳ್ಳುತ್ತಿದೆಯೇ, ಇಲ್ಲವೇ? ನನ್ನ ಕೆನ್ನೆಯ ಹಿಂದೆ ಅಮ್ಮನ ಕೆನ್ನೆ ಕಾದು ಕೂತಿದೆ ಎನಿಸುತ್ತಿತ್ತು.

ಆಮೇಲೆ ಡಾಕ್ಟರು ಬಿಳಿ ಮಾತ್ರೆಯನ್ನು ಇಳಿಸಿದರು. ಇಳಿಸಿದಂತೆ ನೋವು ಮರಳಿ ಬಂತು. ಬೆಳಗಿನ ಹೊತ್ತು ಹಲ್ಲುಜ್ಜುವ ಬ್ರಷ್ ಹಿಡಿಯಲಾಗದೆ ಕಣ್ಣಲ್ಲಿ ನೀರು. ವಾರದ ಮಾತ್ರೆ ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. ಸ್ವಲ್ಪ ತಾಳಿ ಎಂದು ಡಾಕ್ಟರು ಹೇಳಿದ್ದರು. ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ಒಂದು ಭಾನುವಾರ, ಅಕ್ಕನನ್ನು ನೋಡಿ ಬರ್ತೀನಿ ಎಂದು ಗಂಡನಿಗೆ ಹೇಳಿ ಭದ್ರಾವತಿಗೆ ಹೊರಟೆ. ಖಾಲಿ ಪಟ್ಟಿ ತೋರಿಸಿದರೆ ಮಾತ್ರೆ ಕೊಡುವ ಆ ಅಂಗಡಿ ಇನ್ನೂ ಅಲ್ಲೇ ಇದೆಯೆಂದು ನನಗೆ ಗೊತ್ತಿತ್ತು. ಪಟ್ಟಿ ಪರ್ಸಿನಲ್ಲಿತ್ತು.

ಭದ್ರಾವತಿ ಮೇಲೆ ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗುವ ಬಸ್ಸು. ತುಂಬಾ ಊರಿಂದ ಹಾಸ್ಟೆಲ್ಲಿಗೆ ಮರಳುತ್ತಿದ್ದ ಹುಡುಗ ಹುಡುಗಿಯರು. ಮೇಲಿನ ಕಂಬಿ ಹಿಡಿಯಲು ಬೆರಳು ಒಪ್ಪಲಿಲ್ಲ. ಸೀಟಿನ ಕಂಬಿಗೆ ಮೊಣಕೈ ಸಿಕ್ಕಿಸಿಕೊಂಡು ನಿಂತೆ. ಅದೂ ಅಮ್ಮನದೇ. ಒಬ್ಬ ಹುಡುಗಿ ಎದ್ದು, “ಕೂತ್ಕೊಳ್ಳಿ ಆಂಟಿ,” ಎಂದಳು. ಥ್ಯಾಂಕ್ಸ್ ಹೇಳುವ ಬದಲು ನನಗೆ ಸಿಟ್ಟು ಬಂತು.

ಅಕ್ಕನ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಮದುವೆ, ಮುಂಜಿಗಳಿಗೆ ಅವಳು ಕೈ ಸುತ್ತಿನ ಚಕ್ಕುಲಿ ಮಾಡಿಕೊಡುತ್ತಾಳೆ. ಒತ್ತುವ ಚಕ್ಕುಲಿಯಲ್ಲ, ಹಿಟ್ಟನ್ನು ಬೆರಳ ತುದಿಯಲ್ಲಿ ಹೊಸೆಯುತ್ತಾ ಹೊಸೆಯುತ್ತಾ ಬಟ್ಟೆಯ ಮೇಲೆ ಸುತ್ತು ಸುತ್ತಾಗಿ ಇಳಿಸುವುದು. ಕ್ವಾರ್ಟರ್ಸಿನ ಮಾಮಿಯಿಂದ ಅಮ್ಮ ಕಲಿತದ್ದು, ಅಮ್ಮನಿಂದ ಅಕ್ಕ ಕಲಿತದ್ದು. ನಾನು ಹೋದಾಗ ಭಾವ ಮನೆಯಲ್ಲಿರಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕೂತು, ಮೇಜಿಗೆ ಪಂಚೆ ಹಾಸಿಕೊಂಡು, ಸುತ್ತುತ್ತಿದ್ದಳು. ಒಂದಾದ ಮೇಲೆ ಒಂದು, ಬೆರಳು ಓಡುತ್ತಿತ್ತು.

ನನಗೆ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಕಾಯಿಲೆ ನನ್ನನ್ನೇ ಹುಡುಕಿಕೊಂಡು ಬಂತಲ್ಲ.

“ನೀನು ಪುಣ್ಯ ಮಾಡಿದೀಯಾ ಕಣೇ,” ಎಂದೆ. “ನಿನ್ನ ಕೈಗೆ ಬರಲಿಲ್ಲ ನೋಡು.”

“ಬರಲಿಲ್ಲ ಅಂತ ಯಾರು ಹೇಳಿದ್ರು ನಿಂಗೆ?” ಅಕ್ಕ ತಲೆ ಎತ್ತಲಿಲ್ಲ. “ನಿಂಗಿಂತ ಮುಂಚೆನೇ ಬಂದಿದೆ.”

ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು. ದೇವರ ಗೂಡಿನಿಂದ ಒಂದು ಹಳೆಯ ಕಾಫಿಪುಡಿ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಒಳಗೆ ಅದೇ ಬಿಳಿ ಮಾತ್ರೆಗಳ ಪಟ್ಟಿಗಳು.

“ಅಮ್ಮನ ಮಾತ್ರೆ. ದಿನಾ ಒಂದು, ಆರ್ಡರ್ ಜಾಸ್ತಿ ಇದ್ರೆ ಎರಡು. ದೇವರ ದಯದಿಂದ ನಡೀತಿದೆ. ನಿಮ್ಮ ಡಾಕ್ಟ್ರು ಆ ವಾರದ ಮಾತ್ರೆ, ಈ ಟೆಸ್ಟು ಅಂತ ಸುಮ್ನೆ ಅಲೆದಾಡಿಸ್ತಾರೆ. ತಗೋ, ಇಟ್ಕೋ.”

“ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?”

“ನಿಂಗೆ ಹೇಳಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಕೈ ಬಿದ್ದುಹೋದೋಳಿಗೆ ಚಕ್ಕುಲಿ ಆರ್ಡರ್ ಯಾರು ಕೊಡ್ತಾರೆ ಮಾರಾಯ್ತಿ?”

ಅಂಗಡಿಗೆ ಹೋಗುವ ಕೆಲಸವೇ ತಪ್ಪಿತು. ಅಕ್ಕ ಒಂದು ಮಾತ್ರೆ ಬಿಡಿಸಿ ನನ್ನ ಅಂಗೈಗೆ ಹಾಕಿದಳು. ನೀರು ತರಲು ಅಡುಗೆಮನೆಗೆ ಹೋಗಿ, ಲೋಟ ಹಿಡಿದುಕೊಂಡು ಮತ್ತೆ ಬಾಗಿಲಲ್ಲಿ ನಿಂತಳು. ಕಿಟಕಿಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಅವಳ ತಲೆಯ ಮೇಲೆ, ಗೋಡೆಯಲ್ಲಿ, ಗಂಧದ ಹಾರದೊಳಗೆ ಅಮ್ಮನ ಮುಖ.

ಎರಡೂ ಒಂದೇ ಮುಖ. ಅದೇ ದುಂಡು, ಅದೇ ಕೆಂಪು, ಕಣ್ಣನ್ನು ಸಣ್ಣದು ಮಾಡುವ ಅದೇ ಕೆನ್ನೆ. ಹಬ್ಬಕ್ಕೆ ಬಂದಿದ್ದಾಗ ನಾನೇ ಅಕ್ಕನಿಗೆ ಹೇಳಿದ್ದೆ, ಈ ನಡುವೆ ನಿನ್ನ ಮುಖಕ್ಕೆ ಒಳ್ಳೆ ಕಳೆ ಬಂದಿದೆ ಎಂದು. ನನ್ನ ಕೈಯ ಬೆವರಿಗೆ ಮಾತ್ರೆ ಅಂಟಿಕೊಂಡಿತ್ತು. ಸತ್ತವಳು ನೀರಿನ ಲೋಟ ಹಿಡಿದು ನಿಂತು, ನುಂಗು ಮಗಳೇ, ಎಂದ ಹಾಗಾಯಿತು. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಮಾತ್ರೆಯನ್ನು ಡಬ್ಬಿಗೆ ಹಾಕಿದೆ.

“ಯಾಕೆ?”

“ನಿನ್ನ ಮುಖ ನೋಡ್ಕೊಂಡಿದೀಯಾ?”

“ನೋಡ್ಕೊಳ್ದೆ ಏನು? ಎಲ್ಲ ಚೆನ್ನಾಗಿದೆ ಅಂತಾರೆ. ನೀನು ಕಣ್ಣು ಹಾಕ್ಬೇಡ.”

“ಅಮ್ಮಂಗೂ ಎಲ್ಲ ಹಾಗೇ ಅಂದಿದ್ರು. ಅದು ಊತ ಕಣೇ ಅಕ್ಕ. ಮೈಕಳೆ ಅಲ್ಲ, ಊತ. ನಾವು ಊತಕ್ಕೆ ದೃಷ್ಟಿ ತೆಗೆದ್ವಿ. ಈ ಮಾತ್ರೆ ವರ್ಷಗಟ್ಟಲೆ ತಗೊಂಡ್ರೆ ಮೂಳೆ ಒಳಗೇ ಟೊಳ್ಳಾಗುತ್ತಂತೆ.”

ಅಕ್ಕ ಜಗಳಕ್ಕೆ ಬರುತ್ತಾಳೆಂದುಕೊಂಡಿದ್ದೆ. ಬರಲಿಲ್ಲ. ಲೋಟ ಮೇಜಿನ ಮೇಲಿಟ್ಟು, ಸುತ್ತಿಟ್ಟ ಚಕ್ಕುಲಿಗಳನ್ನು ನೋಡುತ್ತಾ ನಿಂತಳು. ಒಂದರ ಬಿಟ್ಟುಕೊಂಡ ತುದಿಯನ್ನು ಒತ್ತಿ ಅಂಟಿಸುತ್ತಾ ಹೇಳಿದಳು.

“ಅವಳು ಎಡವಿರ್ಲಿಲ್ಲ ಕಣೇ. ನಾನು ಹಿಂದೆನೇ ಇದ್ದೆ. ಕಾಲು ಕೆಳಗಿಟ್ಳು, ಲಟಕ್ ಅಂತು, ಆಮೇಲೆ ಬಿದ್ಳು. ಮೊದಲು ಮುರೀತು, ಆಮೇಲೆ ಬಿದ್ಳು. ಹಂಗೆ ಹೇಳಿದ್ರೆ ಯಾರು ನಂಬ್ತಾರೆ ಅಂತ ಎಡವಿದ್ಳು ಅಂದೆ.”

ಆ ಸದ್ದು ಇಷ್ಟು ವರ್ಷ ಅವಳ ಕಿವಿಯಲ್ಲೇ ಇತ್ತು. ಮೆಟ್ಟಿಲು ಇಳಿಯುವಾಗಲೆಲ್ಲ ಅವಳು ಗೋಡೆ ಹಿಡಿದುಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೆ, ದಪ್ಪಗಾಗಿದ್ದಾಳೆ ಅದಕ್ಕೆ ಎಂದುಕೊಂಡಿದ್ದೆ.

ಅಂದು ಒಪ್ಪಿಕೊಂಡಿದ್ದ ಆರ್ಡರನ್ನು ಮುಗಿಸಿದ ಮೇಲೆ ಅಕ್ಕ ನನ್ನ ಜೊತೆ ದುರ್ಗಿಗುಡಿಗೆ ಬಂದಳು. ಕಾಯುವ ಬೆಂಚಿನಲ್ಲಿ ಇಬ್ಬರೂ ಪಕ್ಕ ಪಕ್ಕ ಕೂತೆವು. ನನ್ನನ್ನು ಪುಕ್ಕಲಿ ಎಂದು ಆಡಿಕೊಳ್ಳುತ್ತಲೇ ಅವಳು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಡಾಕ್ಟರು ಅವಳ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಇಷ್ಟು ದಿನ ತೆಗೆದುಕೊಂಡ ಮೇಲೆ ಥಟ್ಟನೆ ಬಿಟ್ಟರೆ ಅದೂ ಅಪಾಯವಂತೆ. ಮೂಳೆಯ ಪರೀಕ್ಷೆ ಮಾಡಿಸಿದರು, ಮೂಳೆಗೆ ಬೇರೆ ಔಷಧಿ ಕೊಟ್ಟರು, ವಾರದ ಮಾತ್ರೆ ಶುರು ಮಾಡಿದರು, ಬಿಳಿಯದನ್ನು ಚೂರು ಚೂರೇ ಇಳಿಸಿದರು.

ಸುಲಭವಾಗಿ ಏನೂ ಆಗಲಿಲ್ಲ. ವಾರದ ಮಾತ್ರೆ ತೆಗೆದುಕೊಂಡ ಮರುದಿನ ನನಗೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಇರುತ್ತದೆ. ಅಕ್ಕ ಫೋನ್ ಮಾಡಿ ನನ್ನನ್ನು ಬೈದ ದಿನಗಳಿವೆ. “ನಿನ್ನ ಮಾತು ಕೇಳಿ ಕೆಟ್ಟೆ. ಕೊಡ ಎತ್ತೋಕಾಗ್ತಿಲ್ಲ, ಚಕ್ಕುಲಿ ಹೋಗ್ಲಿ, ಜಡೆ ಹಾಕ್ಕೊಳ್ಳೋಕಾಗ್ತಿಲ್ಲ.” ಮದುವೆಯ ಸೀಸನ್ನಿನ ಆರ್ಡರುಗಳನ್ನು ಬಿಟ್ಟಳು. ಅವಳು ಫೋನ್ ಇಟ್ಟ ಮೇಲೆ, ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಹೆದರಿಕೊಂಡೇ ಅಡುಗೆ ಮಾಡಿದ್ದೇನೆ. ನಿಧಾನವಾಗಿ, ಬಹಳ ನಿಧಾನವಾಗಿ ಇಬ್ಬರಿಗೂ ಔಷಧಿ ಹಿಡಿಯಿತು. ನನ್ನ ಬೆಳಗಿನ ಮರಗಟ್ಟುವಿಕೆ ಈಗ ಮೊದಲಿನಷ್ಟು ಹೊತ್ತು ಇರುವುದಿಲ್ಲ.

ಈ ನಡುವೆ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಬಾಗಿಲು ತೆರೆದವಳು ಹಾಗೇ ನಿಂತೆ. ಊತ ಪೂರ್ತಿ ಇಳಿದಿತ್ತು. ಕೆನ್ನೆ ಒಳಕ್ಕೆ ಹೋಗಿ, ಮೂಗು ಚೂಪಾಗಿ, ಕಣ್ಣ ಕೆಳಗೆ, ಬಾಯ ಪಕ್ಕ ಗೆರೆಗಳು ಬಂದಿದ್ದವು.

“ದಾರಿಯಲ್ಲಿ ಸಿಕ್ಕೋರೆಲ್ಲ ಕೇಳ್ತಾರೆ ಕಣೇ,” ಎಂದಳು ಚಪ್ಪಲಿ ಬಿಡುತ್ತಾ. “ಯಾಕ್ರೀ ಹಿಂಗೆ ಇಳಿದುಹೋಗಿದೀರಾ, ಏನು ಕಾಯಿಲೆ ಅಂತ. ಇಷ್ಟು ದಿನ ಕಾಯಿಲೆ ಇದ್ದಾಗ ಒಬ್ರೂ ಕೇಳ್ಲಿಲ್ಲ.”

ನಾನು ಅವಳ ಮುಖ ನೋಡುತ್ತಲೇ ಇದ್ದೆ. ಅಮ್ಮನಿಗೆ ವಯಸ್ಸಾದಾಗ ಹೀಗೆ ಕಾಣಬೇಕಿತ್ತು. ನಾವು ಯಾರೂ ನೋಡದ ಮುಖ ಅದು. ಮಾತ್ರೆ ಅದನ್ನು ಮುಚ್ಚಿಬಿಟ್ಟಿತ್ತು, ಮುಚ್ಚಿದ್ದಕ್ಕೇ ನಾವು ಹಾರ ಹಾಕಿ ಕೈ ಮುಗಿಯುತ್ತಿದ್ದೆವು.

ಒಂದು ಮಣೆ ತಂದು, ಅದನ್ನು ಕುರ್ಚಿಯ ಮೇಲಿಟ್ಟು ಅಕ್ಕನನ್ನು ಕೂರಿಸಿದೆ. ಕೆಳಗೆ ಕೂತರೆ ಏಳುವವರು ಯಾರು?

“ಏನು ನಿಂದು ಆಟ?”

“ಸುಮ್ನೆ ಕೂತ್ಕೋ. ಪೂರ್ವಕ್ಕೆ ತಿರುಗು.”

ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದುಕೊಂಡೆ. ಮುಷ್ಟಿ ಪೂರ್ತಿ ಕಟ್ಟಲಿಲ್ಲ. ತಲೆಯಿಂದ ಪಾದದವರೆಗೆ ಇಳಿ ತೆಗೆಯುವಾಗ ಬೆರಳ ಸಂದಿಯಿಂದ ಉಪ್ಪು ಅವಳ ಮಡಿಲಿಗೆ ಉದುರುತ್ತಿತ್ತು. ಊರವರ ಕಣ್ಣು, ನಂಟರ ಕಣ್ಣು ಎಂದವಳು ಉದುರುವ ಉಪ್ಪಿಗೆ ಇನ್ನೊಂದು ಕೈ ಒಡ್ಡಲು ನಿಂತೆ. ಮುಂದಿನದನ್ನು ಅಕ್ಕನೇ ಹೇಳಿಕೊಂಡಳು. ಉಳಿದದ್ದನ್ನು ಗ್ಯಾಸಿನ ಮೇಲೆ ಕಾದಿದ್ದ ಹಳೆಯ ಕಬ್ಬಿಣದ ಬಾಣಲೆಗೆ ಹಾಕಿದೆ.

ಘಾಟು ಎಂದರೆ ಅಂಥಿಂಥ ಘಾಟಲ್ಲ. ಕ್ಷಣದಲ್ಲಿ ಮನೆಯೆಲ್ಲ ತುಂಬಿತು. ನಡುಮನೆಯಲ್ಲಿದ್ದ ಗಂಡ ಕೆಮ್ಮುತ್ತಾ ಕಿಟಕಿ ತೆಗೆಯಲು ಓಡಿದರು. ಅಕ್ಕ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಕ್ಕಳು.

“ನೋಡ್ದ್ಯಾ? ಈ ಮುಖದ ಮೇಲೆ ಯಾರ ಕಣ್ಣೂ ಬಿದ್ದಿಲ್ಲ ಬಿಡು.”

ಕೆಮ್ಮಿನಲ್ಲಿ ನನಗೆ ಮಾತು ಹೊರಡಲಿಲ್ಲ. ಫೋನ್ ತರಲು ಗಂಡನಿಗೆ ಕೈಸನ್ನೆ ಮಾಡಿದೆ. ಅಕ್ಕ ಬೇಡ ಬೇಡ ಎನ್ನುತ್ತಿದ್ದರೂ, ಹೊಗೆ ತಿಳಿಯಾದ ಮೇಲೆ, ಆ ಮುಖದ ಒಂದು ಫೋಟೋ ತೆಗೆಸಿದೆ.